ಹರಿದ ಕಾರ್ನ್‌ಹೋಲ್ ಬ್ಯಾಗಿನಿಂದ ಶುರುವಾದ ಹೊಲಿಗೆ

ಎಸೆದ ಬ್ಯಾಗ್ ಬೋರ್ಡಿಗೆ ಬಡಿದದ್ದೇ ತಡ, ಒಂದು ಮೂಲೆ ಬಿಚ್ಚಿಕೊಂಡು ಮೆಕ್ಕೆಜೋಳದ ಕಾಳು ಹುಲ್ಲಿನ ತುಂಬ ಚೆಲ್ಲಿತು. ಬೋರ್ಡ್ ಜೊತೆಗೇ ಬಂದ ಬ್ಯಾಗ್ ಅದು. ಬೋರ್ಡ್ ಗಟ್ಟಿಮುಟ್ಟಾಗಿತ್ತು, ಬ್ಯಾಗ್ ಮಾತ್ರ ಹೆಸರಿಗಷ್ಟೇ. ಮನೆಗೆ ತಂದು ಮೂಲೆ ಹೊಲಿದರಾಯಿತು, ಅರ್ಧ ಗಂಟೆ ಕೆಲಸ ಅಂದುಕೊಂಡೆ. ಆ ಅರ್ಧ ಗಂಟೆ ಬೆಳೆದು ಆರು ವಾರವಾಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 4 ಅಡಿ ಉದ್ದ, 2 ಅಡಿ ಅಗಲದ ಇಳಿಜಾರು ಬೋರ್ಡ್, ಅದರ ಮೇಲ್ಭಾಗದಲ್ಲಿ 6 ಇಂಚಿನ ದುಂಡು ತೂತು. ಅಂಥವು ಎರಡು, ಅವುಗಳ ಮುಂದಿನ ಅಂಚುಗಳ ನಡುವೆ 27 ಅಡಿ ದೂರ. ಒಂದೊಂದು ಕಡೆಗೆ ನಾಲ್ಕು ಬ್ಯಾಗ್. ಬೋರ್ಡ್ ಮೇಲೆ ನಿಂತರೆ 1 ಪಾಯಿಂಟ್, ತೂತಿಗೆ ಬಿದ್ದರೆ 3. ಇಬ್ಬರ ಪಾಯಿಂಟ್ ಒಂದರಿಂದೊಂದು ಕಳೆದು, ಉಳಿದದ್ದು ಜಾಸ್ತಿ ಗಳಿಸಿದವರಿಗೆ. 21 ಮುಟ್ಟಿದವರು ಗೆದ್ದಂತೆ. ಬ್ಯಾಗ್ 6 ಇಂಚಿನ ಚೌಕ, ತೂಕ ಸುಮಾರು 15ರಿಂದ 16 ಔನ್ಸ್, ಅಂದರೆ 425ರಿಂದ 454 ಗ್ರಾಂ.

ಹರಿದದ್ದನ್ನು ಹೊಲಿಯುವ ಮೊದಲು ಅದರ ತೂಕ ಎಷ್ಟಿತ್ತು ಅಂತ ತಿಳಿಯಬೇಕಲ್ಲ. ಉಳಿದ ಏಳನ್ನೂ ಅಡುಗೆಮನೆಯ ತಕ್ಕಡಿಗೆ ಹಾಕಿದೆ. ಅತಿ ಹಗುರದ್ದು 388 ಗ್ರಾಂ, ಅತಿ ಭಾರದ್ದು 461. ನಾನು ಇಷ್ಟು ದಿನ ನನ್ನ ಕೈಯನ್ನು ಬೈದುಕೊಳ್ಳುತ್ತಿದ್ದೆ. ಒಂದು ಎಸೆತ ಮುಂದೆ ಹೋಗುತ್ತಿತ್ತು, ಅದೇ ಎಸೆತ ಮತ್ತೊಮ್ಮೆ ಹಿಂದೆ ಬೀಳುತ್ತಿತ್ತು. 73 ಗ್ರಾಂ ವ್ಯತ್ಯಾಸ ಇಟ್ಟುಕೊಂಡು ಯಾವ ಕೈ ತಾನೇ ಒಂದೇ ಹದಕ್ಕೆ ಬರುತ್ತದೆ?

ಹೊಲಿಗೆಯನ್ನೂ ನೋಡಿದೆ. ಒಂದೇ ಸಾಲು, ದೊಡ್ಡ ದೊಡ್ಡ ಟಾಕು, ಅಂಚಿನಿಂದ ಒಳಕ್ಕೆ ಬಿಟ್ಟ ಬಟ್ಟೆ ಕಾಲು ಇಂಚೂ ಇಲ್ಲ. ಬಿಚ್ಚಿಕೊಳ್ಳದೆ ಇನ್ನೇನು ಮಾಡೀತು. ಒಳಗಿನ ಜೋಳದಲ್ಲಿ ಅರ್ಧ ಪುಡಿ. ಹೊಡೆತಕ್ಕೆ ಕಾಳು ಒಡೆದು ಹಿಟ್ಟಾಗಿ, ಬಟ್ಟೆಯ ನೇಯ್ಗೆಯಿಂದ ಹೊರಗೆ ಬಂದು, ಬೋರ್ಡ್ ಮೇಲೆ ಕೂತಿತ್ತು. ಆಟದ ಕೊನೆಗೆ ಬೋರ್ಡ್ ಯಾಕೆ ಜಾರುತ್ತದೆ ಅನ್ನುವ ಪ್ರಶ್ನೆಗೂ ಉತ್ತರ ಸಿಕ್ಕಿತು. ಬ್ಯಾಗ್ ಹಗುರವಾಗುತ್ತಿದ್ದದ್ದೂ ಹೀಗೇ.

ಇವನ್ನು ರಿಪೇರಿ ಮಾಡುವುದು ದಂಡ ಅನ್ನಿಸಿತು. ಹೊಸದು ಕೊಳ್ಳೋಣ ಅಂದರೆ ಯಾವುದನ್ನು? ಬಟ್ಟೆ ಬೇರೆ, ಒಳಗಿನ ಸರಕು ಬೇರೆ, ಒಂದೊಂದು ಮುಖಕ್ಕೂ ಬೋರ್ಡ್ ಮೇಲೆ ಎಷ್ಟು ಜಾರುತ್ತದೆ ಅಂತ ಹೇಳುವ ಒಂದೊಂದು ವೇಗದ ನಂಬರ್. ಎರಡು ಮೂರು ಬಗೆ ನಾನೇ ಹೊಲಿದು ನೋಡಿದರೆ ಕೊಳ್ಳುವಾಗ ಏನು ನೋಡಬೇಕು ಅಂತಲಾದರೂ ಗೊತ್ತಾಗುತ್ತದೆ ಅಂತ ಹೊರಟೆ.

ಮೊದಲ ಜೋಡಿ, ಮೊದಲ ತಪ್ಪು

ಹೊಲಿಗೆ ಮಷೀನ್ ಅಕ್ಕನದು. ಬಟ್ಟೆ ಡಕ್ ಕ್ಯಾನ್ವಾಸ್, ಪೂರ್ತಿ ಹತ್ತಿಯದು, ಬಿಗಿ ನೇಯ್ಗೆ. ಇದಕ್ಕೆ ನಂಬರ್ ಇರುತ್ತದೆ, ನಂಬರ್ ಕಡಿಮೆಯಾದಷ್ಟೂ ಬಟ್ಟೆ ದಪ್ಪ. ಬ್ಯಾಗಿಗೆ 10 ಅಥವಾ 12ನೇ ನಂಬರ್ ಬಳಸುತ್ತಾರೆ. ಗಟ್ಟಿಯಾಗಿರಲಿ ಅಂತ ನಾನು 10 ತಂದೆ. 7 ಇಂಚಿನ ಚೌಕ ಕತ್ತರಿಸಿ, ಸುತ್ತಲೂ ಅರ್ಧ ಇಂಚು ಒಳಗೆ ಹೊಲಿದರೆ 6 ಇಂಚು ಉಳಿಯುತ್ತದೆ. ಲೆಕ್ಕ ಸರಳ.

ರಟ್ಟಿನಲ್ಲಿ 7 ಇಂಚಿನ ಅಚ್ಚು ಕತ್ತರಿಸಿಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಬಟ್ಟೆ ಉಳಿಸುವ ಆಸೆಗೆ ಒಂದು ಚೌಕವನ್ನು ಮೂಲೆಯಲ್ಲಿ ಓರೆಯಾಗಿ ಕೂರಿಸಿದ್ದೆ. ಹಾಸಿನ ನೂಲಿಗೂ ಹೊಕ್ಕಿನ ನೂಲಿಗೂ ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದ ಕಡೆಗೆ ಹಿಗ್ಗುತ್ತದೆ. ತುಂಬಿದ ಮೇಲೆ ಆ ಬ್ಯಾಗ್ ಗಾಳಿಪಟದ ಆಕಾರಕ್ಕೆ ಬಂತು. ಚೌಕದ ಅಂಚು ನೂಲಿನ ಜಾಡಿನಲ್ಲೇ ಇರಬೇಕು.

ಸೂಜಿ 100/16ರ ಜೀನ್ಸ್ ಸೂಜಿ. ಮಾಮೂಲಿ ಸೂಜಿಯಲ್ಲಿ ಶುರುಮಾಡಿ ಎರಡು ಮುರಿದ ಮೇಲೆ ಬಂದ ಬುದ್ಧಿ. ದಾರ ಪಾಲಿಯೆಸ್ಟರ್, ಟಾಕಿನ ಉದ್ದ 2.5 ಮಿ.ಮೀ. ಒಂದು ಸಾಲು ಅರ್ಧ ಇಂಚಿಗೆ, ಅದರ ಹೊರಗೆ ಅಂಚಿನ ಕಡೆಗೆ ಇನ್ನೊಂದು ಸಾಲು. ಮೊದಲನೆಯದು ಸೋತರೆ ಎರಡನೆಯದು ಹಿಡಿಯುತ್ತದೆ. ಒಂದು ಬದಿಯ ನಡುವೆ ಎರಡೂವರೆ ಇಂಚು ಬಾಯಿ ಬಿಡಬೇಕು. ಬಾಯನ್ನು ಮೂಲೆಯ ಹತ್ತಿರ ಬಿಟ್ಟರೆ ತಿರುಗಿಸುವಾಗ ಅಲ್ಲೇ ಹೊಲಿಗೆ ಎಳೆಯುತ್ತದೆ.

ಒಳಗೆ ತುಂಬಿದ್ದು ಪ್ಲಾಸ್ಟಿಕ್ ಹರಳು. ಮಳೆಯಲ್ಲಿ ನೆನೆದರೂ ಊದುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ, ಇಲಿ ಹುಳು ಮುಟ್ಟುವುದಿಲ್ಲ, ಬ್ಯಾಗನ್ನು ಸುಮ್ನೆ ಒಗೆಯಬಹುದು. ಈಗಿನ ಬಹುಪಾಲು ಒಳ್ಳೆಯ ಬ್ಯಾಗ್‌ಗಳಲ್ಲಿ ಇದೇ ಇರುವುದು. ಲಾಳಿಕೆ ಇಟ್ಟು ಸುರಿದೆ, ಬಾಯಿ ಒಳಮಡಚಿ ಮೇಲಿಂದ ಹೊಲಿದೆ. ಎರಡು ಬ್ಯಾಗ್ ತಯಾರಾದವು, ತಲಾ 450 ಗ್ರಾಂ. ನೋಡಲು ಚೆಂದ. ಹೊಸ ಕ್ಯಾನ್ವಾಸ್ ಬಿರುಸಾಗಿರುತ್ತದೆ, ಮೆತ್ತಗಾಗಲಿ ಅಂತ ಬಟ್ಟೆ ಮೃದು ಮಾಡುವ ದ್ರಾವಣ ಹಾಕಿ ಒಗೆದೆ.

ಒಣಗಿದ ಮೇಲೆ ಅಳತೆಪಟ್ಟಿ ಹಿಡಿದರೆ ಒಂದು ಕಡೆ ಐದೂ ಮುಕ್ಕಾಲು ಇಂಚು, ಇನ್ನೊಂದು ಕಡೆ ಅದಕ್ಕಿಂತ ಚೂರು ಜಾಸ್ತಿ. ಬ್ಯಾಗ್ ಇಡ್ಲಿಯಂತೆ ಉಬ್ಬಿ ಕೂತಿತ್ತು. ಅಕ್ಕ ಬಂದವಳು ಒಂದನ್ನು ಎತ್ತಿ ಅಂಗೈಯಲ್ಲಿ ಆಡಿಸಿ ಕೇಳಿದ್ದು ಒಂದೇ ಮಾತು: "ಬಟ್ಟೆ ಒಗೆದು ಕತ್ತರಿಸಿದ್ಯೇನೋ?" ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ ಅಂತ ಗೊತ್ತಿಲ್ಲದವನೇನಲ್ಲ ನಾನು. "ಇಲ್ಲ ಅಕ್ಕ" ಅಂದೆ. ಅವಳು ಬ್ಯಾಗ್ ಕೆಳಗಿಟ್ಟು ಹೋದಳು.

ಆದರೂ ಆ ಎರಡನ್ನು ಎಸೆದು ನೋಡಿದೆ. ಇಡೀ ಕೆಲಸದಲ್ಲಿ ಕಲಿತ ದೊಡ್ಡ ವಿಷಯ ಅಲ್ಲೇ ಸಿಕ್ಕಿತು.

ಚೌಕ ಬ್ಯಾಗ್, ದುಂಡು ತೂತು

ಉಬ್ಬಿದ ಬ್ಯಾಗ್ ಬೋರ್ಡಿಗೆ ಬಿದ್ದು ಪುಟಿಯಿತು. ಎರಡನೆಯದು ಜಾರಿ ತೂತಿನ ತನಕ ಹೋಯಿತು, ತೂತಿನ ಮೇಲೆ ಕೂತಿತು, ಬೀಳಲಿಲ್ಲ. ಮುಚ್ಚಳ ಹಾಕಿದ ಹಾಗೆ. ಮತ್ತೆ ಎಸೆದೆ, ಮತ್ತೆ ಅದೇ.

ಸ್ವಲ್ಪ ಲೆಕ್ಕ ಹಾಕಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ತೂತು 6 ಇಂಚು. ಬ್ಯಾಗಿನ ಬದಿಯೂ 6 ಇಂಚು, ಆದರೆ ಮೂಲೆಯಿಂದ ಎದುರು ಮೂಲೆಗೆ ಎಂಟೂವರೆ ಇಂಚು. ಅಂದರೆ ಬ್ಯಾಗ್ ಚಪ್ಪಟೆಯಾಗಿ ಹಾಗೇ ಇಳಿಯಲಾರದು. ನಾಲ್ಕು ಮೂಲೆಗಳೂ ಮಡಚಿಕೊಂಡರೆ ಮಾತ್ರ ಒಳಗೆ. ಅಂಚಿಗೆ ಬಂದ ಬ್ಯಾಗಿನ ಮುಂದಿನ ಭಾಗ ತೂತಿನೊಳಗೆ ತೂಗಿಬೀಳಬೇಕು, ಒಳಗಿನ ಹರಳು ಆ ಕಡೆಗೆ ಹರಿಯಬೇಕು, ಆ ಭಾರ ಹಿಂದಿನ ಭಾಗವನ್ನು ಎಳೆದುಕೊಳ್ಳಬೇಕು. ಬಿಗಿಯಾಗಿ ತುಂಬಿದ ಬ್ಯಾಗಿನಲ್ಲಿ ಹರಿಯಲು ಜಾಗವೆಲ್ಲಿದೆ? ದಿಂಬಿನಂತೆ ಅಲ್ಲೇ ಕೂರುತ್ತದೆ.

ಬೋರ್ಡಿಗೆ ಚೀಲ ಎಸೆಯುವ ಇಂಥ ಆಟಕ್ಕೆ 1883ರಲ್ಲೇ ಅಮೆರಿಕದ ಹೈಲಿಗರ್ ಡಿ ವಿಂಟ್ ಪೇಟೆಂಟ್ ಪಡೆದಿದ್ದ. ಅವನ ಬೋರ್ಡಿನಲ್ಲಿ ಇದ್ದದ್ದು ಚೌಕ ತೂತು. ದುಂಡಾದ ಮೇಲೆ ಆಟ ಕಷ್ಟವಾಯಿತು, ಬ್ಯಾಗ್ ಹೊಲಿಯುವವರ ತಲೆನೋವೂ ಶುರುವಾಯಿತು ಅಂತ ನಗು ಬಂತು.

ಅಲ್ಲಿಂದ ನನ್ನ ಪ್ರಶ್ನೆ ಬದಲಾಯಿತು. ಯಾವುದು ಗಟ್ಟಿ, ಯಾವುದು ಭಾರ ಅಂತಲ್ಲ, ಯಾವುದು ಮಡಚುತ್ತದೆ ಅಂತ.

ತುಂಬುವ ಸರಕಿನ ಕಥೆ

ಈ ಸಲ 12ನೇ ನಂಬರ್ ಬಟ್ಟೆ, ಮೊದಲು ಬಿಸಿನೀರಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿ. ಒಂದೇ ಅಳತೆಯ ಎರಡು ಬ್ಯಾಗ್ ಹೊಲಿದೆ. ಬರಿ ಬಟ್ಟೆಯ ತೂಕ ತಲಾ 25 ಗ್ರಾಂ ಆಸುಪಾಸು. ಒಂದಕ್ಕೆ ಮೆಕ್ಕೆಜೋಳ, ಇನ್ನೊಂದಕ್ಕೆ ಹರಳು, ಎರಡೂ ಒಟ್ಟು 440 ಗ್ರಾಂ ಬರುವಂತೆ ತುಂಬಿದೆ.

ಒಂದೇ ತೂಕ, ಒಂದೇ ಅಳತೆ, ಆದರೆ ಎರಡೂ ಬೇರೆ ಬೇರೆ ಬ್ಯಾಗ್. ಜೋಳದ್ದು ಸಡಿಲವಾಗಿ ತೊಡೆಯ ಮೇಲೆ ಬೆಕ್ಕಿನಂತೆ ಒರಗಿತು. ಹರಳಿನದು ತುಂಬಿಕೊಂಡು ಕೂತಿತು. ಯಾಕೆ ಅಂತ ತಿಳಿಯಲು ಒಂದು ಲೋಟ ನೀರು ಸಾಕಾಯಿತು. ಹತ್ತು ಕಾಳು, ಹತ್ತು ಹರಳು ಹಾಕಿದೆ. ಕಾಳು ಮುಳುಗಿತು, ಹರಳು ತೇಲಿತು. ನನ್ನ ಹರಳು ಪಾಲಿಎಥಿಲೀನ್, ನೀರಿಗಿಂತ ಹಗುರ. ಹಾಗಾಗಿ ಅದೇ ತೂಕಕ್ಕೆ ಜಾಸ್ತಿ ಜಾಗ ಬೇಕು. ಜೋಳದ ಕಾಲದ ಅಳತೆಗೆ ಹರಳು ಸುರಿದರೆ ಬ್ಯಾಗ್ ಬಿಗಿಯುತ್ತದೆ.

ಹಾಗಂತ ಜೋಳಕ್ಕೆ ಮರಳಿದೆನಾ? ಇಲ್ಲ. ಕೈಗೆ ಅದರ ಹಿತವೇ ಬೇರೆ, ಬೋರ್ಡಿಗೆ ಬಿದ್ದಾಗಿನ ಸದ್ದೂ ಇಂಪು. ಆದರೆ ಅದು ಸವೆಯುತ್ತದೆ, ತೇವ ಕುಡಿಯುತ್ತದೆ, ಹುಳು ಬೀಳುತ್ತದೆ. ಜೋಳವೇ ಬೇಕು ಅನ್ನುವವರು ಚೆನ್ನಾಗಿ ಒಣಗಿದ ಕಾಳನ್ನು ಜರಡಿ ಹಿಡಿದು, ನಾಲ್ಕು ದಿನ ಫ್ರೀಜರಿನಲ್ಲಿಟ್ಟು ತೆಗೆದು, ಮತ್ತೆ ಪೂರ್ತಿ ಒಣಗಿಸಿ ತುಂಬಲಿ. ಬ್ಯಾಗನ್ನು ನೀರಿನಿಂದ ದೂರ ಇಡಲಿ. ಆಟ ಕಲಿಯುವ ಮಕ್ಕಳಿಗೆ, ಅಪರೂಪಕ್ಕೆ ಆಡುವವರಿಗೆ ಜೋಳ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಹರಳಿನ ಬ್ಯಾಗನ್ನು ಸಡಿಲ ಮಾಡಲು ಎರಡು ದಾರಿ ಹಿಡಿದೆ. ಒಂದು, ತೂಕವನ್ನು 430 ಗ್ರಾಮಿಗೆ ಇಳಿಸಿದೆ, ಮಿತಿಯೊಳಗೇ ಇದೆ. ಎರಡು, ದುಂಡು ಹರಳಿನ ಬದಲು ಮಸೂರದ ಬೇಳೆಯಂತೆ ಚಪ್ಪಟೆಯಾದ ಚಿಕ್ಕ ಹರಳು ತಂದೆ. ದುಂಡನೆಯವು ಒಂದರ ಮೇಲೊಂದು ಉರುಳಿ ಕೆಳಗಿನ ಮೂಲೆಗೆ ಗುಂಪುಗೂಡುತ್ತವೆ. ಚಪ್ಪಟೆಯವು ಒಂದರ ಮೇಲೊಂದು ಮಲಗುತ್ತವೆ, ಬ್ಯಾಗ್ ಬಿದ್ದ ಕಡೆ ಹರಡಿಕೊಂಡು ನಿಲ್ಲುತ್ತದೆ. ಇದು ನನ್ನ ಕೈಗೆ ಹೊಂದಿದ್ದು. ನನ್ನ ಜೊತೆ ಆಡುವವರೊಬ್ಬರಿಗೆ ದುಂಡು ಹರಳೇ ಇಷ್ಟ, ತೂತಿಗೆ ಬೇಗ ಹರಿಯುತ್ತದೆ ಅನ್ನುತ್ತಾರೆ. ಅವರದೂ ಸುಳ್ಳಲ್ಲ.

ಹರಳನ್ನು ಲೋಟದಲ್ಲಿ ಅಳೆಯಬೇಡಿ. ನಾನು ಮೊದಲು ಹಾಗೇ ಮಾಡಿದೆ, ಲೋಟ ಕುಲುಕಿದಾಗೊಂದು ತೂಕ, ಕುಲುಕದಿದ್ದಾಗೊಂದು. ನಾಲ್ಕು ಬ್ಯಾಗಿನಲ್ಲಿ 20 ಗ್ರಾಂ ಹೆಚ್ಚುಕಮ್ಮಿ ಬಂತು. ಖಾಲಿ ಬ್ಯಾಗನ್ನೇ ತಕ್ಕಡಿ ಮೇಲೆ ಲೋಟದೊಳಗೆ ನಿಲ್ಲಿಸಿ, ಗ್ರಾಂ ನೋಡುತ್ತ ಸುರಿಯುವುದೇ ಸರಿ. ನಾಲ್ಕೂ ಬ್ಯಾಗ್ 3-4 ಗ್ರಾಮಿನೊಳಗೆ ಇರಲಿ. 430ಕ್ಕೋ 445ಕ್ಕೋ ಅನ್ನುವುದಕ್ಕಿಂತ ನಾಲ್ಕೂ ಒಂದೇ ಆಗಿರುವುದು ಮುಖ್ಯ. ಕೈ ಯಾವುದಕ್ಕಾದರೂ ಒಗ್ಗಿಕೊಳ್ಳುತ್ತದೆ.

ಎರಡು ಮುಖ

ಡಕ್ ಕ್ಯಾನ್ವಾಸ್ ಬ್ಯಾಗ್ ಎರಡೂ ಕಡೆ ಒಂದೇ. ಈಗ ಸ್ಪರ್ಧೆಗೆ ಆಡುವವರು ಹಿಡಿಯುವುದು ಎರಡು ಮುಖದ ಬ್ಯಾಗ್. ಒಂದು ಕಡೆ ನುಣುಪು ಪಾಲಿಯೆಸ್ಟರ್, ಅದು ಜಾರುತ್ತದೆ. ಇನ್ನೊಂದು ಕಡೆ ಸ್ವೇಡ್ ಥರದ ರೋಮದ ಬಟ್ಟೆ, ಅದು ಹಿಡಿಯುತ್ತದೆ. ತೂತಿನ ದಾರಿ ಖಾಲಿ ಇದ್ದರೆ ನುಣುಪು ಮುಖ ಕೆಳಗೆ ಮಾಡಿ ಜಾರಿಸು. ಎದುರಾಳಿಗೆ ಅಡ್ಡ ಇಡಬೇಕೆಂದರೆ ಒರಟು ಮುಖ ಕೆಳಗೆ ಮಾಡಿ ತೂತಿನ ಮುಂದೆ ನಿಲ್ಲಿಸು.

ಹೊಲಿಯುವುದು ಮಾತ್ರ ಕಿರಿಕಿರಿ. ಸ್ವೇಡ್ ಹಿಗ್ಗುತ್ತದೆ, ಪಾಲಿಯೆಸ್ಟರ್ ಹಿಗ್ಗುವುದಿಲ್ಲ. ಮೊದಲನೆಯದರಲ್ಲಿ ಸ್ವೇಡನ್ನು ಮೇಲಿಟ್ಟು ಹೊಲಿದೆ, ಕೊನೆಯ ಮೂಲೆಗೆ ಬರುವಷ್ಟರಲ್ಲಿ ಕಾಲು ಇಂಚು ಬಟ್ಟೆ ಮಿಕ್ಕಿ ಸುಕ್ಕು ಬಿತ್ತು. ಹಿಗ್ಗುವ ಬಟ್ಟೆ ಕೆಳಗಿರಬೇಕು. ಮಷೀನಿನ ಹಲ್ಲು ಕೆಳಗಿನ ಪದರವನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಸುತ್ತ ಕ್ಲಿಪ್ ಹಾಕಿ ಹಿಡಿದರೆ ಇನ್ನೂ ಒಳ್ಳೆಯದು. ಗುಂಡುಸೂಜಿ ಚುಚ್ಚಿದರೆ ನುಣುಪು ಬಟ್ಟೆಯಲ್ಲಿ ತೂತಿನ ಗುರುತು ಉಳಿಯುತ್ತದೆ.

ಯಾವ ಬಟ್ಟೆ ಎಷ್ಟು ಜಾರುತ್ತದೆ ಅಂತ ಬಾಯಿಮಾತಿಗೆ ಬಿಡದೆ ಅಳೆಯೋಣ ಅನ್ನಿಸಿತು. ಬೋರ್ಡನ್ನು ನೆಲಕ್ಕೆ ಮಲಗಿಸಿ, ಒಂದು ತುದಿಯ ಹತ್ತಿರ ಬ್ಯಾಗ್ ಇಟ್ಟು, ಆ ತುದಿಯನ್ನು ಮೆಲ್ಲಗೆ ಎತ್ತುತ್ತ ಹೋದೆ. ಬ್ಯಾಗ್ ಜಾರಲು ಶುರುವಾದಾಗ ತುದಿ ನೆಲದಿಂದ ಎಷ್ಟು ಇಂಚು ಮೇಲಿದೆ ಅಂತ ಗುರುತು ಹಾಕಿದೆ. ಒಂದೊಂದಕ್ಕೂ ಐದು ಸಲ ಮಾಡಿದೆ. ನುಣುಪು ಪಾಲಿಯೆಸ್ಟರ್ ಸುಮಾರು 13 ಇಂಚಿಗೆ ಜಾರಿತು, ಆಡಿ ಪಳಗಿದ ಕ್ಯಾನ್ವಾಸ್ 16ಕ್ಕೆ, ಸ್ವೇಡ್ 21 ದಾಟಿದ ಮೇಲೆ. ಆಡುವಾಗ ಬೋರ್ಡಿನ ಹಿಂದಿನ ತುದಿ 12 ಇಂಚು ಎತ್ತರ, ಮುಂದಿನದು 3ರ ಹತ್ತಿರ, ಅಂದರೆ ಇಳಿಜಾರು 9 ಇಂಚಿನದು. ನುಣುಪು ಮುಖಕ್ಕೂ ಅದಕ್ಕೂ ಅಂತರ ಕಡಿಮೆ. ಬೋರ್ಡಿಗೆ ಹೊಸ ವಾರ್ನಿಷ್ ಬಳಿದಿದ್ದರೆ, ಮೇಲೆ ಧೂಳೂ ಕೂತಿದ್ದರೆ, ಮೇಲೆ ನಿಂತ ಬ್ಯಾಗ್ ಇನ್ನೊಂದು ಬ್ಯಾಗಿನ ತಳ್ಳಾಟಕ್ಕೆ ಕೆಳಗೆ ಜಾರಿ ಬಂದರೂ ಬರಬಹುದು.

ಬ್ಯಾಗ್ ಮಾಡುವವರು ಒಂದೊಂದು ಮುಖಕ್ಕೂ 1ರಿಂದ 10ರವರೆಗೆ ವೇಗದ ನಂಬರ್ ಬರೆಯುತ್ತಾರಲ್ಲ, ಅದನ್ನು ಒಬ್ಬರದೇ ಬ್ಯಾಗ್‌ಗಳ ನಡುವೆ ಹೋಲಿಸಿ ನೋಡಲು ಬಳಸಬಹುದು. ಒಬ್ಬರ 7 ಇನ್ನೊಬ್ಬರ 7 ಅಲ್ಲ. ನಿಮ್ಮ ಬೋರ್ಡ್ ಮೇಲೆ, ನಿಮ್ಮ ಹವೆಯಲ್ಲಿ ಅದು ಎಷ್ಟಾಗುತ್ತದೋ ಅದೇ ನಿಜ. ಮೋಡ ಕವಿದ ತೇವದ ದಿನ ಇದೇ ಜಾರು ಪರೀಕ್ಷೆ ಮತ್ತೆ ಮಾಡಿದೆ. ಕ್ಯಾನ್ವಾಸ್ ಎರಡು ಇಂಚು ಮೇಲೆ ಹೋಯಿತು, ಅಂದರೆ ಬೋರ್ಡಿಗೆ ಅಂಟಿಕೊಂಡಿತು.

ಕೊನೆಗೆ ನಿಂತ ಎಂಟು

ಎಂಟು ಬ್ಯಾಗಿಗೂ ಒಂದು ಮುಖ ಪಾಲಿಯೆಸ್ಟರ್, ಒಂದು ಮುಖ ಸ್ವೇಡ್. ನಾಲ್ಕು ನೀಲಿ, ನಾಲ್ಕು ಕೆಂಪು. ಚಪ್ಪಟೆ ಹರಳು, 430 ಗ್ರಾಂ. ಮೂಲೆಗಳನ್ನು ಚೂಪಾಗಿ ತಿರುಗಿಸದೆ ಒಂಚೂರು ದುಂಡು ಮಾಡಿದೆ. ಚೂಪು ಮೂಲೆಯಲ್ಲಿ ಒಳಗಿನ ಬಟ್ಟೆ ಗಂಟಾಗುತ್ತದೆ, ಅದೇ ಮೊದಲು ಸವೆಯುವ ಜಾಗ. ಬಾಯಿ ಮುಚ್ಚಿದ ಕಡೆ ಎರಡು ಸಾಲು ಹೊಲಿಗೆ, ಶುರುವಿನಲ್ಲೂ ಕೊನೆಯಲ್ಲೂ ಹಿಂದೆ ಮುಂದೆ ನಾಲ್ಕು ಟಾಕು.

ಹೊಸದರಲ್ಲಿ ಇವೂ ಬಿರುಸೇ. ತಣ್ಣೀರಲ್ಲಿ ಒಂದು ಸಲ ಮೆತ್ತಗೆ ಒಗೆದು, ಗಾಳಿಗೆ ಒಣಗಿಸಿ, ಟಿವಿ ನೋಡುವಾಗೆಲ್ಲ ಒಂದೊಂದನ್ನು ಕೈಯಲ್ಲಿ ಹಿಡಿದು ಹಿಸುಕಿದೆ. ಬೇಗ ಹದಕ್ಕೆ ಬರಲಿ ಅಂತ ಕುದಿಯುವ ನೀರಿಗೆ ಹಾಕುವವರೂ ಇದ್ದಾರೆ. ನನಗೆ ಧೈರ್ಯ ಬರಲಿಲ್ಲ, ಸ್ವೇಡಿನ ರೋಮ ಹಾಳಾದರೆ ಮತ್ತೆ ಎಂಟು ಹೊಲಿಯಬೇಕಲ್ವಾ.

ನಡುವೆ ಸ್ನೇಹಿತರೊಬ್ಬರು ಸೆಟ್ ಕೊಳ್ಳಲು ಹೊರಟಾಗ ಜೊತೆಗೆ ಹೋಗಿದ್ದೆ. ಮೊದಲಾಗಿದ್ದರೆ ಬಣ್ಣ ನೋಡುತ್ತಿದ್ದೆ. ಈಗ ಕೈಯೇ ಬೇರೆ ಕಡೆ ಹೋಯಿತು. ಬ್ಯಾಗನ್ನು ಒಂದು ಮೂಲೆಯಿಂದ ಎತ್ತಿ ಹಿಡಿದೆ. ಹರಳೆಲ್ಲ ಕೆಳಗಿಳಿದು ಮೇಲಿನ ಮೂಲೆ ಖಾಲಿ ಬಟ್ಟೆಯಾಗಿ ಜೋತರೆ ಒಳಗೆ ಜಾಗ ಇದೆ ಅಂತ. ಆಮೇಲೆ ಅಂಗೈ ಅಂಚಿಗೆ ಅರ್ಧ ಹೊರಗಿಟ್ಟು ನೋಡಿದೆ, ಹೊರಗಿನ ಅರ್ಧ ತಾನಾಗಿ ಬಾಗಬೇಕು. ಹೊಲಿಗೆಯ ಎರಡೂ ಬದಿ ಹಿಡಿದು ಎಳೆದರೆ ನಡುವೆ ದಾರ ಕಾಣಬಾರದು. ಜೋಳದ ಬ್ಯಾಗ್ ಆದರೆ ಕಪ್ಪು ಬಟ್ಟೆಯ ಮೇಲೆ ಎರಡು ಸಲ ತಟ್ಟಬೇಕು, ಬಿಳಿ ಪುಡಿ ಬಿದ್ದರೆ ವಾಪಸ್ ಇಡಬೇಕು. ನಾಲ್ಕನ್ನೂ ತೂಗಲು ಚಿಕ್ಕ ತಕ್ಕಡಿಯನ್ನು ಜೇಬಿನಲ್ಲೇ ಒಯ್ದಿದ್ದೆ. ಅಂಗಡಿಯವರು ವಿಚಿತ್ರವಾಗಿ ನೋಡಿದರು, ನೋಡಲಿ. ಸ್ನೇಹಿತರು ಆರಿಸಿಕೊಂಡದ್ದು ನಡುವಿನ ವೇಗದ ಬ್ಯಾಗ್. ಹೊಸಬರಿಗೆ ಅತಿ ಜಾರುವುದು ಬೇಡ, ಎಸೆದದ್ದೆಲ್ಲ ಬೋರ್ಡಿನ ಹಿಂದೆ ಹೋಗಿ ಬೀಳುತ್ತದೆ.

ದೊಡ್ಡ ಸ್ಪರ್ಧೆಗೆ ಇಳಿಯುವ ಆಸೆ ಇದ್ದರೆ ನನ್ನಂತೆ ಹೊಲಿಯುವ ಮಾತು ಬಿಡಿ. 2015ರಲ್ಲಿ ಶುರುವಾದ ಅಮೆರಿಕನ್ ಕಾರ್ನ್‌ಹೋಲ್ ಲೀಗ್ ತಾನು ಪರೀಕ್ಷಿಸಿ ಒಪ್ಪಿದ, ಗುರುತಿನ ಮುದ್ರೆ ಇರುವ ಬ್ಯಾಗ್‌ಗಳ ಪಟ್ಟಿ ಇಟ್ಟಿದೆ. ಅಲ್ಲಿ ಮನೆಯ ಬ್ಯಾಗ್ ನಡೆಯುವುದಿಲ್ಲ.

ಈಗ ನಾಲ್ಕು ತಿಂಗಳ ಆಟವಾಗಿದೆ. ಮೊನ್ನೆ ಎಲ್ಲವನ್ನೂ ಮತ್ತೆ ತೂಗಿದೆ. ಏಳು ಬ್ಯಾಗ್ 429ರಿಂದ 431. ಎಂಟನೆಯದು, ಕೆಂಪಿನಲ್ಲೊಂದು, 426. ಬಾಯಿ ಮುಚ್ಚಿದ ಹೊಲಿಗೆಯಲ್ಲಿ ಒಂದು ಟಾಕು ತಪ್ಪಿ, ಅಲ್ಲಿಂದ ಹರಳು ಒಂದೊಂದಾಗಿ ಉದುರುತ್ತಿತ್ತು. ಬಿಚ್ಚಿ, ಸೀಸೆಯಲ್ಲಿ ಉಳಿಸಿಟ್ಟ ಹರಳಿನಿಂದ 4 ಗ್ರಾಂ ಹಾಕಿ, ಕೈಹೊಲಿಗೆಯಲ್ಲಿ ಮುಚ್ಚಿದೆ. ಗಾಳಿಪಟದ ಆಕಾರದ ಆ ಮೊದಲ ಬ್ಯಾಗನ್ನು ಅಕ್ಕ ಒಯ್ದಿದ್ದಾಳೆ. ಗಾಳಿಗೆ ಬಡಿಯುವ ಬಾಗಿಲಿಗೆ ಅಡ್ಡ ಇಡಲು ಭಾರ ಸರಿಯಾಗಿದೆಯಂತೆ.